ಕೀ ತೆಗೆದರೂ ನಿಲ್ಲದ ಇಂಜಿನ್

ಹಾರೋಹಳ್ಳಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ, ಎರಡು ಸಾವಿರದ ಆರನೇ ಇಸವಿ. ರಾಮನಗರದಲ್ಲಿ ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದಿದ್ದ ಯೋಗಾನಂದ ಕನಕಪುರ ರಸ್ತೆಯ ಪಕ್ಕ ಸ್ವಂತ ಗ್ಯಾರೇಜು ಹಾಕಿ ಎರಡು ವರ್ಷವಾಗಿತ್ತು. ಆಟೊಮೊಬೈಲ್ ಡಿಪ್ಲೊಮಾ ಓದಿದವನು, ಕೈ ಚೊಕ್ಕ, ಮಾತು ಕಮ್ಮಿ. ಅವನು ಪಾಸು ಮಾಡಿದ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ ಎನ್ನುವ ಹೆಸರು ಆಗಲೇ ಬಂದಿತ್ತು.

ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ ಮರಳವಾಡಿಯ ನಟರಾಜು ತನ್ನ ಹಳೆಯ ಟರ್ಬೋ ಡೀಸೆಲ್ ಗಾಡಿಯನ್ನು ಅಲ್ಲಿಗೆ ತಂದ. ಹಿಂಭಾಗದಲ್ಲಿ ಎದುರುಬದುರು ಸೀಟುಗಳಿದ್ದ, ಎರಡು ಲಕ್ಷ ಕಿಲೋಮೀಟರ್ ದಾಟಿದ್ದ ಗಾಡಿ ಅದು. ನಟರಾಜು ಅದರಲ್ಲಿ ದಿನವೂ ಊರಿನ ಎಂಟು ಹೆಂಗಸರನ್ನು ಹಾರೋಹಳ್ಳಿಯ ಒಂದು ಬಟ್ಟೆ ಕಾರ್ಖಾನೆಗೆ ಕರೆತಂದು ಸಂಜೆ ವಾಪಸು ಬಿಡುತ್ತಿದ್ದ. ಅವನ ಅಕ್ಕ ಮುನಿಯಮ್ಮನೂ ಅವರಲ್ಲಿ ಒಬ್ಬಳು. ಒಂದು ತಿಂಗಳಿಂದ ಹಿಂದೆ ನೀಲಿ ಹೊಗೆ ಬರುತ್ತಿದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ವಾರಕ್ಕೊಂದು ಲೀಟರ್ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದ.

ಯೋಗಾನಂದ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಗೇಜು ಹಾಕಿ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನೋಡಿದ. ನಾಲ್ಕರ ಪೈಕಿ ಮೂರು ಸಿಲಿಂಡರುಗಳಲ್ಲಿ ಮುಳ್ಳು ನಾನೂರರ ಹತ್ತಿರ ನಿಂತಿತು. ಮೂರನೆಯ ಸಿಲಿಂಡರಿನಲ್ಲಿ ಮಾತ್ರ ಇನ್ನೂರ ಅರವತ್ತು. ಅದರೊಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಮುನ್ನೂರ ನಲವತ್ತಕ್ಕೆ ಏರಿತು. ಆಯಿಲ್ ಬಿಟ್ಟರೆ ಒತ್ತಡ ಏರುತ್ತದೆ ಎಂದರೆ ವಾಲ್ವು ಚೆನ್ನಾಗಿದೆ, ಪಿಸ್ಟನ್ನಿನ ರಿಂಗು ಸವೆದಿದೆ ಎಂದರ್ಥ. ಹೊಗೆಗೂ ಅದೇ ಕಾರಣ ಎಂದು ಯೋಗಾನಂದ ತೀರ್ಮಾನಿಸಿದ. ಬಿಚ್ಚಿದ್ದ ಗಾಳಿ ಕೊಳವೆಗಳನ್ನು ಒರೆಸಿ ಜೋಡಿಸಿದ, ಕಮ್ಮಿಯಾಗಿದ್ದ ಆಯಿಲ್ ತುಂಬಿಸಿದ. ಇಂಜಿನ್ ಇಳಿಸಿ ರಿಂಗು ಹಾಕಬೇಕು, ಹದಿನೈದು ದಿನ ನಿಧಾನಕ್ಕೆ ಓಡಿಸಿಕೊಂಡಿರು, ಆಮೇಲೆ ತಂದುಬಿಡು ಎಂದು ಹೇಳಿ ಕಳಿಸಿದ.

ಸಂಜೆ ಐದೂವರೆಗೆ ಅಂಗಡಿ ಗುಡಿಸುವಾಗ ಬೆಳಗಿನ ಒರೆಸುಬಟ್ಟೆ ಅವನ ಕಾಲಿಗೆ ಸಿಕ್ಕಿತು. ಎತ್ತಿದ. ಹಿಂಡಿದರೆ ಆಯಿಲ್ ಸುರಿಯುವಷ್ಟು ನೆನೆದಿತ್ತು. ಯಾವ ಕೊಳವೆ ಒರೆಸಿದ್ದೆ ಎಂದು ಜ್ಞಾಪಿಸಿಕೊಂಡ. ಏರ್ ಫಿಲ್ಟರಿನಿಂದ, ಇಂಜಿನ್ನಿಗೆ ಗಾಳಿ ನೂಕುವ ಟರ್ಬೋಗೆ ಹೋಗುವ ಕೊಳವೆ ಒಣಗಿತ್ತು. ಟರ್ಬೋದಿಂದ ಆಚೆ ಹೋಗುವ ಕೊಳವೆ ತೊಟ್ಟಿಕ್ಕುತ್ತಿತ್ತು. ಎರಡನ್ನೂ ಬೆಳಿಗ್ಗೆ ಕಣ್ಣಾರೆ ಕಂಡಿದ್ದ. ಕಂಡೂ ಒಂದಕ್ಕೊಂದು ಸೇರಿಸಿ ಯೋಚಿಸಿರಲಿಲ್ಲ. ಗೇಜಿನ ಮುಳ್ಳು ಒಂದು ಉತ್ತರ ಕೊಟ್ಟ ಮೇಲೆ ಅವನ ಮನಸ್ಸು ಇನ್ನೊಂದನ್ನು ಹುಡುಕಿರಲಿಲ್ಲ.

ರಿಂಗು ಸವೆದಿದ್ದು ನಿಜ. ಆದರೆ ಟರ್ಬೋದಲ್ಲಿ ಆಯಿಲ್ ತಡೆಯುವ ಸೀಲೂ ಹೋಗಿತ್ತು. ಅಲ್ಲಿಂದ ಸೋರಿದ ಆಯಿಲ್ ಗಾಳಿ ತಣಿಸುವ ಇಂಟರ್‌ಕೂಲರಿನ ತಳದಲ್ಲಿ ದಿನದಿನವೂ ಮಡುಗಟ್ಟುತ್ತಿದೆ. ತುಂಬಿದ ಗಾಡಿ ಏರಿನಲ್ಲಿ ಜೋರಾಗಿ ಎಳೆದರೆ ಅಷ್ಟೂ ಒಟ್ಟಿಗೆ ಇಂಜಿನ್ನಿನೊಳಕ್ಕೆ ನುಗ್ಗುತ್ತದೆ. ಡೀಸೆಲ್ ಇಂಜಿನ್ನಿಗೆ ಆ ಆಯಿಲೂ ಡೀಸೆಲ್ಲಿನ ಹಾಗೆಯೇ. ಆಮೇಲೆ ಕೀ ತೆಗೆದರೂ ಅದು ನಿಲ್ಲುವುದಿಲ್ಲ. ಆಯಿಲ್ ಮುಗಿಯುವವರೆಗೆ, ಇಲ್ಲವೇ ಇಂಜಿನ್ ಒಡೆಯುವವರೆಗೆ ಓಡುತ್ತದೆ. ರಾಮನಗರದಲ್ಲಿ ಒಮ್ಮೆ ಹಾಗೆ ಒಡೆದ ಲಾರಿಯ ಕಬ್ಬಿಣದ ತುಂಡು ಗ್ಯಾರೇಜಿನ ತಗಡಿನ ಗೋಡೆಯನ್ನು ತೂರಿಕೊಂಡು ಹೋಗಿದ್ದನ್ನು ಅವನು ನೋಡಿದ್ದ.

ನಟರಾಜುವಿಗೆ ಫೋನು ಮಾಡಿದ. ಮೂರು ಸಲ ರಿಂಗಾಯಿತು, ಅವನು ಎತ್ತಲಿಲ್ಲ. ಕಾರ್ಖಾನೆ ಬಿಡುವುದು ಐದೂಕಾಲಿಗೆ, ಗಾಡಿ ಆಗಲೇ ಊರಿನ ದಾರಿ ಹಿಡಿದಿರುತ್ತದೆ. ಯೋಗಾನಂದ ಬಾಗಿಲನ್ನೂ ಹಾಕದೆ ಸ್ಕೂಟರ್ ಹತ್ತಿದ.

ಮರಳವಾಡಿ ದಾರಿಯುದ್ದಕ್ಕೂ ದೂರದ ಪ್ರತಿ ತಿರುವಿನಲ್ಲೂ ಹೊಗೆ ಕಂಡ ಹಾಗಾಗುತ್ತಿತ್ತು. ಹತ್ತಿರ ಹೋದರೆ ಯಾರೋ ಕಳೆ ಸುಡುತ್ತಿದ್ದರು, ಇಲ್ಲವೇ ಲಾರಿಯ ಧೂಳು. ಆ ಎಂಟು ಜನರಲ್ಲಿ ಅವನಿಗೆ ಮುನಿಯಮ್ಮನ ಮುಖ ಮಾತ್ರ ಗೊತ್ತು. ಗೊತ್ತಿಲ್ಲದ ಏಳು ಮುಖಗಳೇ ಅವನನ್ನು ಹೆಚ್ಚು ಹೆದರಿಸಿದವು. ಉದ್ದನೆಯ ಏರಿನ ಬುಡಕ್ಕೆ ಬರುವಷ್ಟರಲ್ಲಿ ಸದ್ದು ಕೇಳಿತು. ಇಂಜಿನ್ನಿನ ಸದ್ದಲ್ಲ, ಕಬ್ಬಿಣ ಕಿರುಚುವ ಸದ್ದು.

ಏರಿನ ಅರ್ಧದಲ್ಲಿ ರಸ್ತೆಗೆ ಅಡ್ಡವಾಗಿ ಬಿಳಿ ನೀಲಿ ಹೊಗೆ ಗೋಡೆಯ ಹಾಗೆ ನಿಂತಿತ್ತು. ಒಳಗೆ ನುಗ್ಗಿದ ಮೇಲೆ ಗಾಡಿ ಕಂಡಿತು. ನಟರಾಜು ಬ್ರೇಕಿನ ಮೇಲೆ ನಿಂತ ಹಾಗೆ ಕೂತಿದ್ದ. ಕೀ ಅವನ ಕೈಯಲ್ಲೇ ಇತ್ತು.

“ಕೀ ಕಿತ್ಬುಟ್ರೂ ನಿಲ್ತಾ ಇಲ್ಲ ಕಣಣ್ಣ,” ಎಂದ. “ಕಾಲೆತ್ತುದ್ರೆ ಹಿಂದಕ್ಕೋಯ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯಕಿಲ್ಲ.”

ಹಿಂದಿನ ಬಾಗಿಲಿನ ಒಳಗಡೆಯ ಹಿಡಿ ಮುರಿದು ವರ್ಷವಾಗಿತ್ತು. ಹೊರಗಿನಿಂದ ಮಾತ್ರ ತೆಗೆಯಬಹುದು. ಒಳಗಿದ್ದವರು ಗಾಜು ಬಡಿಯುತ್ತಿದ್ದರು. ಯೋಗಾನಂದ ಬಾಗಿಲು ಎಳೆದ ಕೂಡಲೇ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಹೊಲದೊಳಕ್ಕೆ ಓಡಿ ಎಂದ. ಏಳು ಜನ ಓಡಿದರು. ಒಬ್ಬ ಹುಡುಗಿ ಮಾತ್ರ ಸೀಟಿನ ಕಂಬಿಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು, ಕರೆದರೆ ಕೇಳಿಸುತ್ತಿರಲಿಲ್ಲ. ಮುನಿಯಮ್ಮ ಹಿಂದಿರುಗಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಳೆದುಕೊಂಡು ಹೋದಳು.

ಯೋಗಾನಂದ ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡಲು ನಟರಾಜುವಿಗೆ ಹೇಳಿದ. ಹಾಗೆ ಮಾಡಿದರೆ ಇಂಜಿನ್ ಉಸಿರುಗಟ್ಟಿ ನಿಲ್ಲಬೇಕು. ಗಾಡಿ ಒಮ್ಮೆ ಅದುರಿತು, ಆದರೆ ಸವೆದ ಕ್ಲಚ್ಚು ಜಾರಿ ಸುಟ್ಟ ವಾಸನೆ ಎದ್ದಿತು. ಇಂಜಿನ್ ನಿಲ್ಲಲಿಲ್ಲ, ಸದ್ದು ಮತ್ತೂ ಏರಿತು. ನೀನೂ ಇಳಿದು ಓಡು ಎಂದು ನಟರಾಜುವನ್ನು ಕಳಿಸಿದ.

ಈಗ ಉಳಿದಿದ್ದು ಗಾಳಿ ನಿಲ್ಲಿಸುವುದೊಂದೇ. ಬಾನೆಟ್ಟಿನ ಮೇಲೆ ಬಾಗಬೇಕು. ಇಂಜಿನ್ ಒಡೆದರೆ ಎದುರಿಗಿರುವುದು ಅವನ ಎದೆ, ಮುಖ. ಒಂದು ಗಳಿಗೆ ಅವನ ಕಾಲು ಮುಂದಕ್ಕೆ ಹೋಗಲಿಲ್ಲ. ಶಾಲೆಯಲ್ಲಿ ಪಾಠ ಹೇಳುವ ಹೆಂಡತಿ ಮಮತಾ ಕೆಲಸ ಮುಗಿಸಿ ಬಂದು, ತೆರೆದೇ ಇರುವ ಗ್ಯಾರೇಜು ನೋಡುತ್ತಾಳೆ ಎನ್ನುವ ಯೋಚನೆ ಬಂತು. ಇದು ಇಳಿಜಾರಿನಲ್ಲಿ ಬಿಟ್ಟುಹೋಗುವ ಗಾಡಿಯಲ್ಲ, ಕೆಳಗಿನಿಂದ ಬಸ್ಸು ಬರುವ ಹೊತ್ತು ಎನ್ನುವುದೂ ಹೊಳೆಯಿತು.

ಬಾನೆಟ್ ಎತ್ತಿ, ಜೇಬಿನಲ್ಲಿದ್ದ ಸ್ಕ್ರೂಡ್ರೈವರಿನಿಂದ ಏರ್ ಫಿಲ್ಟರಿನ ಕೊಳವೆಯನ್ನು ಬಿಗಿದಿದ್ದ ಪಟ್ಟಿ ಸಡಿಲಿಸಿದ. ಕೊಳವೆ ಕಿತ್ತ ಕೂಡಲೇ ಟರ್ಬೋದ ಬಾಯಿ ಅವನ ಅಂಗಿಯ ತೋಳನ್ನೇ ಎಳೆಯಿತು. ಬಟ್ಟೆ ತುರುಕಿದರೆ ನುಂಗಿಬಿಡುತ್ತದೆ. ಗಟ್ಟಿಯಾದ್ದು ಏನಾದರೂ ಬೇಕು ಎಂದು ಹೊಲದ ಕಡೆ ಕೂಗಿದ. ಮುನಿಯಮ್ಮ ತನ್ನ ಊಟದ ಚೀಲದಿಂದ ಸ್ಟೀಲ್ ತಟ್ಟೆ ತೆಗೆದು ಓಡಿಬಂದಳು. ಅವನು ಅದನ್ನು ಆ ಬಾಯಿಗೆ ಒತ್ತಿದ. ತಟ್ಟೆ ಕೈಯಿಂದ ಕಿತ್ತುಕೊಂಡ ಹಾಗೆ ಅಂಟಿಕೊಂಡಿತು. ಬಿಸಿ ಕಬ್ಬಿಣಕ್ಕೆ ಮೊಣಕೈ ತಾಗಿ ಚರ್ಮ ಸುಟ್ಟಿತು, ಅವನು ಬಿಡಲಿಲ್ಲ. ಕಿರುಚು ತಗ್ಗಿತು. ಇಂಜಿನ್ ಕೆಮ್ಮಿತು, ಎರಡು ಸಲ ಒದೆದು ನಿಂತಿತು.

ಯೋಗಾನಂದ ರಸ್ತೆಯ ಅಂಚಿಗೆ ಹೋಗಿ ಕೂತ. ನಟರಾಜು ಅವನ ಕೈ ಹಿಡಿದು ದೇವರ ಹಾಗೆ ಬಂದೆ ಎಂದಾಗ ಅವನಿಗೆ ತಡೆಯಲಾಗಲಿಲ್ಲ.

“ಹಾಗನ್ನಬೇಡ ನಟರಾಜು. ಬೆಳಿಗ್ಗೆ ಟರ್ಬೋ ಬಿಚ್ಚಿ ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಓಡ್ಸು ಅಂದೋನು ನಾನೇ,” ಎಂದ.

ನಟರಾಜು ಹಿಡಿದಿದ್ದ ಕೈ ಬಿಟ್ಟ. ತಿರುಗಿ ಹೋಗಿ ಅಕ್ಕನ ಪಕ್ಕ ನಿಂತುಕೊಂಡ. ಒಂದು ಟ್ರ್ಯಾಕ್ಟರಿನಲ್ಲಿ ಎಲ್ಲರೂ ಊರಿಗೆ ಹೋದರು.

ಗಾಡಿಯನ್ನು ಎಳೆಸಿ ತಂದು ಬಿಚ್ಚಿದಾಗ ಟರ್ಬೋದೊಳಗೆ ತಿರುಗುವ ದಂಡ ಬೆರಳಲ್ಲಿ ಮುಟ್ಟಿದರೆ ಅಲುಗಾಡುತ್ತಿತ್ತು. ಮೂರನೆಯ ಪಿಸ್ಟನ್ನಿನ ರಿಂಗು ಎರಡು ತುಂಡಾಗಿತ್ತು, ಆ ಪಿಸ್ಟನ್ನಿಗೆ ಸೇರಿದ ರಾಡು ಬಾಗಿತ್ತು. ಇನ್ನೊಂದು ನಿಮಿಷ ಓಡಿದ್ದರೆ ರಾಡು ಇಂಜಿನ್ನಿನ ಪಕ್ಕೆ ಒಡೆದುಕೊಂಡು ಹೊರಗೆ ಬರುತ್ತಿತ್ತು.

ಭಾನುವಾರ ಯೋಗಾನಂದ ಕೈಗೆ ಬಟ್ಟೆ ಸುತ್ತಿಕೊಂಡು ಮರಳವಾಡಿಗೆ ಹೋಗಿ, ತನ್ನ ತಪ್ಪು ಹೇಳಿಕೊಳ್ಳಲು ಎಂಟು ಮನೆಗೂ ನಡೆದ. ಕೊನೆಯದು ಬೋರಲಿಂಗಯ್ಯನ ಮನೆ. ಕಂಬಿ ಹಿಡಿದು ಕೂತಿದ್ದ ಹುಡುಗಿ ಅವನ ಮಗಳು ದಿವ್ಯ. ಮಗಳು ಅನ್ನ ಮುಟ್ಟುತ್ತಿಲ್ಲ, ಮಿಕ್ಸಿ ಹಾಕಿದರೂ ಬೆಚ್ಚಿಬೀಳುತ್ತಾಳೆ, ಇನ್ನು ಕೆಲಸಕ್ಕೆ ಹೋಗುವುದಿಲ್ಲ ಅನ್ನುತ್ತಾಳೆ ಎಂದು ಬೋರಲಿಂಗಯ್ಯ ಹೇಳಿದ. ದಿವ್ಯ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

“ಅದು ಒಡೆದೋಗ್ತಿತ್ತಾ ಅಣ್ಣ?” ಎಂದು ಕೇಳಿದಳು.

ಬೋರಲಿಂಗಯ್ಯ ಬೇಡ ಎನ್ನುವ ಹಾಗೆ ಕಣ್ಣಲ್ಲೇ ಸನ್ನೆ ಮಾಡಿದ. ಯೋಗಾನಂದ ತಲೆ ತಗ್ಗಿಸಿದ.

“ಒಡೀಬಹುದಾಗಿತ್ತು ಕಣಮ್ಮ,” ಎಂದ. “ನಂಗೂ ಕಾಲು ನಡುಗ್ತಿತ್ತು.”

ದಿವ್ಯ ಹೊಸಲಿನ ಮೇಲೆ ಕೂತಳು. “ಎಲ್ರೂ ಏನೂ ಆಯ್ತಿರ್ಲಿಲ್ಲ ಸುಮ್ಕಿರು ಅಂತಾರೆ,” ಎಂದಳು. “ನಂಗೇ ತಲೆ ಕೆಟ್ಟೈತೇನೋ ಅನ್ಕಂಡಿದ್ದೆ.”

ಶುಕ್ರವಾರದಿಂದ ಅದೇ ಮೊದಲ ಸಲ ಅವಳು ಅತ್ತಳು. ಯೋಗಾನಂದ ಏಳಲಿಲ್ಲ, ಅವಳು ಸುಮ್ಮನಾಗುವವರೆಗೂ ಜಗುಲಿಯಲ್ಲೇ ಕೂತಿದ್ದ. ಆಮೇಲೆ ಬೋರಲಿಂಗಯ್ಯ ಒಳಗೆ ಹೋಗಿ ಇಬ್ಬರಿಗೂ ಮಜ್ಜಿಗೆ ತಂದ. ದಿವ್ಯ ಸ್ವಲ್ಪ ಕುಡಿದಳು. ಗುರುವಾರ ಅವಳು ಮುನಿಯಮ್ಮನ ಜೊತೆ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು.