ಅಡ್ಡಗಾಳಿ

"ಕುತ್ತಿಗೆ ಗುಂಡಿ ಹಾಕ್ಬೇಡ್ವೋ, ಅವರಿಗೆ ಉಸಿರು ಕಟ್ಟತ್ತೆ," ಎಂದು ಹೆಂಡತಿ ತನ್ನ ತಮ್ಮನ ಕೈ ಹಿಡಿದಳು. ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆದು ಕೈ ಬಿಟ್ಟಳು. ತಮ್ಮ ಹೆಣವಾಗಿ ಮಲಗಿದ್ದ ಭಾವನ ಗುಂಡಿ ಬಿಚ್ಚಿದ.

ಇನ್ನು ಮಗಳೊಬ್ಬಳೇ ಬರಬೇಕಿತ್ತು. ಅವಳ ವಿಮಾನ ಊರಿನ ಮೇಲೆಯೇ ಸುತ್ತುತ್ತಿತ್ತು, ರನ್‌ವೇಗೆ ಅಡ್ಡ ಬೀಸುವ ಅಡ್ಡಗಾಳಿಗೆ ಇಳಿಯಲಾಗುತ್ತಿರಲಿಲ್ಲ. ದೇಹವನ್ನು ಇನ್ನು ಇಡುವ ಹಾಗಿಲ್ಲ, ಸಂಜೆಯೊಳಗೆ ಒಯ್ಯಿರಿ ಎಂದು ಡಾಕ್ಟರು ಹೇಳಿ ಹೋಗಿದ್ದರು.

ಸತ್ತವನ ಕೆಲಸವೂ ಗಾಳಿಯದೇ. ವಿಮಾನ ಕಂಪನಿಯ ಕಚೇರಿಯಲ್ಲಿ ಕೂತು, ಮೇಲಿನ ಗಾಳಿ ನೋಡಿ, ದಾರಿ ಯಾವುದು, ಇಂಧನ ಎಷ್ಟು, ಇಳಿಯಲಾಗದಿದ್ದರೆ ಯಾವ ಊರಿಗೆ ಎಂದು ಗೊತ್ತು ಮಾಡುವುದು. ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ಲೋಕ. ಈ ಪುಣ್ಯಾತ್ಮ ಮಾತ್ರ ಗಾಳಿ ಬಂದಾಗ ತಡಿ ಎನ್ನುತ್ತಿದ್ದ. ಕಚೇರಿಯವರು ಗಾಳಿರಾಯ ಎಂದು ಕರೆದು ನಗುತ್ತಿದ್ದರು.

ಈಗ ಆ ಕುರ್ಚಿಯಲ್ಲಿ ಕೂರುವ ಸಹೋದ್ಯೋಗಿ ಕಚೇರಿಗೆ ಫೋನ್ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಸಾರ್, ಇನ್ನೊಂದು ಸಲ ಇಳಿಸಿ ನೋಡಿ ಅಂತ ಪೈಲಟ್‌ಗೆ ಹೇಳ್ಸಿ," ಎಂದ ತಮ್ಮ. "ಇರೋದು ಒಬ್ಬಳೇ ಮಗಳು."

"ಎರಡು ಸಲ ನೋಡಾಯ್ತು. ಗಾಳಿ ಮಿತಿ ಅಂಚಲ್ಲೇ ಇದೆ. ಇಂಧನ ಇನ್ನೊಂದು ಸಲಕ್ಕೆ ಸಾಲತ್ತೆ." ಅವನು ಸತ್ತವನ ಹೆಂಡತಿಯತ್ತ ತಿರುಗಿದ. "ನೀವು ಹೇಳಿದ್ರೆ ಕೇಳಿ ನೋಡ್ತೀನಮ್ಮ."

*

ಹಿಂದೊಮ್ಮೆ ಹೆಂಡತಿಯ ತಾಯಿ ಕೊನೆಯುಸಿರು ಎಳೆಯುತ್ತಿದ್ದಾಗ, ಇಂಥದೇ ಗಾಳಿಯೆಂದು ಅವಳಿದ್ದ ವಿಮಾನವನ್ನು ಬೇರೆ ಊರಿಗೆ ಕಳಿಸಿದ್ದು ಗಂಡನೇ. ಅಲ್ಲಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ತಾಯಿಯ ಮುಖವೂ ಸಿಗಲಿಲ್ಲ.

"ನಾನು ಅದ್ರಲ್ಲಿದೀನಿ ಅಂತ ಗೊತ್ತಿರ್ಲಿಲ್ವಾ ನಿಮಗೆ?"

"ಗೊತ್ತಿತ್ತು ಕಣೇ."

ಅಷ್ಟೇ. ಬೇರೇನಾದರೂ ಹೇಳುತ್ತಾನೆಂದು ಅವಳು ಕಾದಳು. ಅವನು ತಟ್ಟೆ ತೊಳೆದಿಟ್ಟು ಮಲಗಿದ. ಎಷ್ಟೋ ತಿಂಗಳು ಅವಳು ಗೋಡೆಗೆ ಮುಖ ಮಾಡಿಯೇ ಮಲಗಿದಳು. ಆಮೇಲೆ ಸಿಟ್ಟು ಹೋಯಿತೆಂದಲ್ಲ, ಸಿಟ್ಟು ಮಾಡಿ ಮಾಡಿ ಸಾಕಾಯಿತು.

*

"ಅಕ್ಕಾ, ಹೇಳೇ!"

ಅವಳಿಗೆ ಕೂತಲ್ಲೇ ಬಿದ್ದುಬಿಡುವಷ್ಟು ದಣಿವು. ಮಗಳು ಬಂದು ತಬ್ಬಿಕೊಂಡರೆ ಸಾಕೆಂದು ಜೀವ ಬಾಯಿಬಿಡುತ್ತಿತ್ತು.

"ಏನೂ ಕೇಳ್ಬೇಡಿ ಸಾರ್. ಬೇರೆ ಊರಿಗೇ ಹೋಗ್ಲಿ."

"ನಿನ್ನ ಮುಖ ನೋಡಲ್ಲ ಅವಳು," ಎಂದ ತಮ್ಮ.

"ನೋಡೋದು ಬೇಡ. ಬದುಕಿರ್ಲಿ, ಸಾಕು."

ಸ್ವಲ್ಪ ಹೊತ್ತಿಗೆ ಮನೆಯ ಮೇಲೆ ವಿಮಾನದ ಸದ್ದು ಹಾದು ದೂರವಾಗುತ್ತ ಹೋಯಿತು. ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿದರು. ಅವಳು ಎತ್ತಲಿಲ್ಲ. ಚಟ್ಟದ ಮೂಲೆಯಲ್ಲಿ ಮಗಳಿಗೆಂದು ಬಿಟ್ಟಿದ್ದ ಜಾಗಕ್ಕೆ ಹೋಗಿ, ಬಗ್ಗಿ, ಗಂಡನಿಗೆ ತಾನೇ ಹೆಗಲು ಕೊಟ್ಟಳು.