ಓದದೆ ಬಿಟ್ಟ ಸಾಲು

ಡ್ರೆಸ್ಸಾಜ್ ಎಂಬ ಕುದುರೆ ಸವಾರಿಯ ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ ಎಂದು ಮೊದಲ ಸಲ ಹೇಳಿದಾಗ ತಂಗಿ ನಕ್ಕಿದ್ದಳು. "ಓದೋದು ನೀನೋ, ಕುದುರೇನೋ?"

ಕೊನೆಗೆ ಓದಬೇಕಾಗಿ ಬಂದದ್ದು ಅವಳಿಗೇ. ಮರಳು ಹಾಸಿದ ಉದ್ದನೆಯ ಅಂಗಳ, ಸುತ್ತಲೂ ಒಂದೊಂದು ಅಕ್ಷರ ಬರೆದ ಹಲಗೆಗಳು. 'ಎ' ಹಲಗೆಯ ಬಳಿ ಒಳಗೆ ಹೋಗಬೇಕು, ನಡುವೆ ನಿಂತು ತೀರ್ಪುಗಾರರಿಗೆ ವಂದಿಸಬೇಕು. ಮುಂದೆ ಎಲ್ಲಿ ತಿರುಗಬೇಕು, ಎಲ್ಲಿ ದುಂಡಗೆ ಸುತ್ತಬೇಕು, ಎಲ್ಲಿ ಕುದುರೆಯ ನಡೆ ಬದಲಾಗಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟದ್ದು. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಅಂಕ. ಕೆಳಗಿನ ಹಂತಗಳಲ್ಲಿ ನಮ್ಮಂಥವರಿಗೆ ಒಂದು ರಿಯಾಯಿತಿ ಉಂಟು. ಯಾರಾದರೊಬ್ಬರು ಬೇಲಿಯಾಚೆ ನಿಂತು ಆ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳಬಹುದು.

ನನಗೆ ಅದು ಬೇಕೇ ಬೇಕು. ಹೋದ ವರ್ಷ ಕ್ಯಾಂಟರ್, ಅಂದರೆ ಕುದುರೆಯನ್ನು ಹದವಾಗಿ ಓಡಿಸುವುದು, ಕಲಿಯುವಾಗ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡೆ. ಗಾಯ ಮಾಯಿತು. ಆದರೆ ಒಂದಾದ ಮೇಲೊಂದು ಮಾಡಬೇಕಾದದ್ದು ಮಾತ್ರ ಈಗಲೂ ತಲೆಯಲ್ಲಿ ನಿಲ್ಲುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ನೋಡುವ ಕೆಲಸ ನನ್ನದು. ಎಡಗಣ್ಣು ನೋಡಿ ಮುಗಿಸಿ ಮತ್ತೆ ಎಡಗಣ್ಣಿಗೇ ಗಾಜು ಹಿಡಿದು, "ಇದಾಯ್ತಲ್ಲ ಮೇಡಂ" ಎಂದು ಗಿರಾಕಿ ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಬಿದ್ದ ಮೇಲೆ ತೀರಾ ಕೆಳಗಿನ ಹಂತಕ್ಕೆ ಇಳಿದೆ. ಅಲ್ಲಿ ಬರೀ ನಡಿಗೆ ಮತ್ತು ಟ್ರಾಟ್, ಸವಾರರನ್ನು ಕುಲುಕುತ್ತ ಹೋಗುವ ಆ ಚುರುಕು ನಡೆ. ಅದರ ಮೇಲಿನ ಹಂತದಲ್ಲಿ ಕ್ಯಾಂಟರ್ ಇದೆ. "ಈಗ ಹತ್ತದಿದ್ರೆ ಇನ್ನು ಯಾವತ್ತೂ ಹತ್ತಲ್ಲ ನೀವು" ಎಂದರು ಕೋಚ್. ಅವರ ಮಾತು ನಿಜವೆಂದು ನನಗೂ ಗೊತ್ತಿತ್ತು. ಹೋದ ವರ್ಷ ಆಸ್ಪತ್ರೆಯಲ್ಲಿ ನನ್ನ ತಲೆಯ ಬಳಿ ಕೂತಿದ್ದ ತಂಗಿ, ನಾನು ಮೇಲಿನ ಹಂತಕ್ಕೆ ಹೆಸರು ಕೊಟ್ಟ ಸುದ್ದಿ ಕೇಳಿ ಮುಖ ಗಂಟು ಹಾಕಿಕೊಂಡಳು. ಆಮೇಲೆ ತಾನಾಗಿಯೇ ಬಂದು, "ಬೇರೆ ಯಾರೋ ಯಾಕೆ, ನಾನೇ ಓದ್ತೀನಿ" ಎಂದಳು. ಅವಳು ಪ್ರೈಮರಿ ಶಾಲೆಯ ಟೀಚರ್. ಅವಳು ದನಿ ಎತ್ತಿದರೆ ಪಕ್ಕದ ಕ್ಲಾಸಿನ ಮಕ್ಕಳೂ ಕೈಕಟ್ಟಿ ಕೂರುತ್ತಾರೆ.

ನನ್ನದು ಒಂದು ಮುದಿ ಹೆಣ್ಣುಕುದುರೆ, ಎಲ್ಲರೂ ಅಜ್ಜಿ ಎಂದೇ ಕರೆಯುತ್ತಾರೆ. ಅಜ್ಜಿ ಆ ಬೆಳಿಗ್ಗೆ ತಕರಾರಿಲ್ಲದೆ ಒಳಗೆ ಬಂದಳು. ತಂಗಿಯ ದನಿ ಸ್ಪಷ್ಟವಾಗಿತ್ತು. ಅವಳು ಓದಿದ ಹಾಗೆ ತಿರುಗಿದೆ, ಸುತ್ತಿದೆ. ಟ್ರಾಟ್ ಮಾಡುತ್ತ ಮೂಲೆ ದಾಟಿದೆ. ಮುಂದಿನ ಸಾಲಿಗೆ ಕಿವಿಗೊಟ್ಟೆ. "'ಇ' ಹತ್ತಿರ ಎಡಕ್ಕೆ ತಿರುಗಿ" ಎಂದು ಕೇಳಿತು, ತಿರುಗಿದೆ. ಗಂಟೆ ಬಾರಿಸಿತು.

ತೀರ್ಪುಗಾರ್ತಿ ಅಂಗಳದ ತುದಿಯಲ್ಲಿ ತಮ್ಮ ಕಾರಿನೊಳಗೇ ಕೂತಿದ್ದರು. ಗಾಜು ಇಳಿಸಿ, "ಆ ಮೂಲೆಯಲ್ಲಿ ಕ್ಯಾಂಟರ್ ಬರಬೇಕಿತ್ತು. ಎರಡು ಅಂಕ ಕಳೀತೀನಿ. ಅಲ್ಲಿಂದಲೇ ಮತ್ತೆ ಶುರು ಮಾಡಿ" ಎಂದರು.

ಬೇಲಿಯತ್ತ ನೋಡಿದರೆ ತಂಗಿ ಹಾಳೆಯಿಂದ ತಲೆಯೆತ್ತಲಿಲ್ಲ. ಎರಡನೇ ಸಲ ಅವಳು "ಕ್ಯಾಂಟರ್" ಎಂದಾಗ ದನಿ ನಡುಗುತ್ತಿತ್ತು. ಅಜ್ಜಿ ಓಡಿದಳು, ನಾನು ಬೀಳಲಿಲ್ಲ. ಆದರೆ ಅದರ ಖುಷಿ ನನಗೆ ದಕ್ಕಲಿಲ್ಲ.

ಹೊರಗೆ ಬಂದವಳೇ ಕೇಳಿದೆ. "ಮೊದಲನೇ ಸಲ ನೀನು ಅದನ್ನ ಓದಿದ್ಯಾ?"

"ಓದಿದೆ ಅಕ್ಕ. ನೀನೇ ಕೇಳಿಸ್ಕೊಳ್ಳಲಿಲ್ಲ."

ಅಂಥ ದನಿ ನನ್ನ ಕಿವಿಗೆ ಬಿದ್ದಿಲ್ಲ ಎಂದರೆ ಹೋದದ್ದು ಬರೀ ನೆನಪಲ್ಲ, ಇನ್ನೂ ಏನೋ ಹೋಗಿದೆ. ಜೀನುಗಳನ್ನು ಇಡುವ ಕೋಣೆಯಲ್ಲಿ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತೆ. ನಾಳೆ ಅಂಗಡಿಯಲ್ಲಿ ಯಾರೋ ಏನೋ ಹೇಳಿ, ಅದು ನನಗೆ ಕೇಳಿಸದೇ ಹೋದರೆ? ಮಧ್ಯಾಹ್ನ ಇದೇ ಹಂತದ ಇನ್ನೊಂದು ಪರೀಕ್ಷೆ ಇತ್ತು. ಕೋಚ್ ಒಳಗೆ ಬಂದಾಗ ನನ್ನ ಹೆಸರು ತೆಗೆಸಿಬಿಡಿ, ಇನ್ನು ಕುದುರೆ ಹತ್ತುವುದಿಲ್ಲ ಎಂದೆ.

"ಯಾಕೆ?"

"ತಂಗಿ ಓದಿದ್ದೇ ನನಗೆ ಕೇಳಿಸಲಿಲ್ಲ."

"ಅವರು ಓದಿದ್ರೆ ತಾನೇ ಕೇಳಿಸೋದು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಸಾಲು ಬಿಟ್ಟು ಮುಂದಿನದು ಓದಿದ್ರು."

ತಂಗಿ ನೀರಿನ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನನ್ನ ಬಾಯಿಂದ ಅದು ಬರಲಿಲ್ಲ ಅಕ್ಕ. ನೀನು ಬಿದ್ದಿದ್ದೇ ಕಣ್ಣಮುಂದೆ ಬಂತು."

"ಅದು ಬರಲಿಲ್ಲ, ಸರಿ. ಓದಿದೆ ಅನ್ನೋದು ಹೇಗೆ ಬಂತು?"

"ಹಾಗೆ ಹೇಳಿದ್ರೆ ನೀನಾಗಿ ನೀನೇ ಸವಾರಿ ಬಿಟ್ಟುಬಿಡ್ತೀಯ ಅನ್ಕೊಂಡೆ" ಎಂದು ಅತ್ತಳು.

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಮಧ್ಯಾಹ್ನದ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು, "ಸಂಜೆ ಒಟ್ಟಿಗೆ ಮನೆಗೆ ಹೋಗೋಣ. ಓದೋದು ಮಾತ್ರ ಬೇಡ" ಎಂದೆ.

"ಮರೆತುಹೋದ್ರೆ?"

"ಮರೀತೀನಿ."

ಮರೆತೇಬಿಟ್ಟೆ. ಅರ್ಧ ದಾರಿಯಲ್ಲಿ ತಲೆ ಒಮ್ಮೆಗೇ ಖಾಲಿಯಾಯಿತು. ಬೇಲಿಯ ಬಳಿ ತಂಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಜ್ಜಿ ತನ್ನ ಪಾಡಿಗೆ ಟ್ರಾಟ್ ಮಾಡುತ್ತ ಬೇಡದ ಕಡೆ ತಿರುಗಿದಳು. ಗಂಟೆ ಬಾರಿಸಿತು, ಕಾರಿನ ಗಾಜು ಇಳಿಯಿತು.

"ಓದೋರು ಬಂದಿಲ್ವಾ?"

"ಬಂದಿದ್ದಾಳೆ ಮೇಡಂ, ನಾನೇ ಬೇಡ ಅಂದೆ. ಇದು ನಾನು ಮರೆತದ್ದು."

ಈ ಸಲ ನನ್ನ ತಲೆ ಎಲ್ಲಿ ಕೈಕೊಟ್ಟಿತು ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಬೆಳಿಗ್ಗೆ ತಂಗಿ ಸುಳ್ಳು ಹೇಳಿ ಆ ತಿಳಿವನ್ನೂ ನನ್ನಿಂದ ಕಿತ್ತುಕೊಂಡಿದ್ದಳು.

ಎರಡು ಅಂಕ ಕಳೆದು ತೀರ್ಪುಗಾರ್ತಿ ಮುಂದಿನದನ್ನು ಹೇಳಿದರು. ಮೂಲೆಯಿಂದ ಕ್ಯಾಂಟರ್. ಲಗಾಮು ಸರಿಮಾಡಿಕೊಂಡು ಅಜ್ಜಿಯನ್ನು ಓಡಿಸಿದೆ.