ರಹೀಮಬಿ ಹೇಳಿಟ್ಟ ಸುದ್ದಿ

ಬೈಲಹೊಂಗಲದ ಸುದ್ದಿಯೆಲ್ಲ ಅಕ್ಬರಸಾಬನ ಆಟೋದ ಮೈಕಿನಿಂದಲೇ ಹೊರಡಬೇಕು. ಸತ್ತವರ ಸುದ್ದಿಯನ್ನು ಅವನೇ ಹೇಳುತ್ತಿದ್ದ. ನೀರು, ಸಭೆ, ಸೀರೆ ಮಾರಾಟದ್ದನ್ನು ಹಿಂದಿನ ಸಂಜೆಯೇ ಹೆಂಡತಿ ರಹೀಮಬಿ ಮೊಬೈಲಿನ ರೆಕಾರ್ಡಿಗೆ ಹೇಳಿಡುತ್ತಿದ್ದಳು.

ಇಂದು ನಸುಕಿನಲ್ಲಿ ಎದೆನೋವು ಬಂದು ರಹೀಮಬಿ ತೀರಿಕೊಂಡಳು. ಅಕ್ಬರಸಾಬ ಎಂದಿನಂತೆ ಆಟೋ ತೆಗೆದ.

"ರಹೀಮಬಿ ತೀರಿಕೊಂಡಾರ. ಮಧ್ಯಾಹ್ನ ನಮಾಜ್ ಆದಮ್ಯಾಲೆ ಮಣ್ಣಿಗೆ ಬರ್ರಿ."

ಬೆಳಗಾವಿ ಬಸ್ಸಿಗೆ ನಿಂತವರು "ಯಾರ ಮನಿಯವರ್ರೀ?" ಎಂದು ಅವನನ್ನೇ ಕೇಳಿದರು. ದಿನಾ ಅವನ ಮೈಕಿನಲ್ಲಿ ಅವಳ ದನಿ ಕೇಳುವ ಮಂದಿ! ಅವನು ಮೊಬೈಲು ಒತ್ತಿದ. ಮೈಕಿನಲ್ಲಿ ಹೆಂಡತಿಯ ದನಿ ಬಂತು.

"ನಾಳಿ ನಳಾ ಬರೂದಿಲ್ರಿ. ಇವತ್ತ ನೀರು ತುಂಬಿಟ್ಕೋರಿ."

ಮಣ್ಣು ಮುಗಿಸಿ ಬಂದವನು ಮನೆಯ ಕೊಡಗಳನ್ನೆಲ್ಲ ತುಂಬಿಟ್ಟ.